ಎಂಜಿನ್ನಿನ ಅಶ್ವಶಕ್ತಿ: ಅಳೆಯುವುದು ಎಲ್ಲಿ, ಹೇಗೆ?



ಟ್ರಾಕ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದು "ಇದು ಎಷ್ಟು ಹೆಚ್.ಪಿ.?" ಎಂದು. ಸಿಕ್ಕ ಅಂಕಿ ಎಂಜಿನ್ನಿನ ಫ್ಲೈವೀಲಿನಲ್ಲಿ ಅಳೆದದ್ದೋ, ಪಿ.ಟಿ.ಓ. ದಂಡದಲ್ಲಿ ಅಳೆದದ್ದೋ, ಅಥವಾ ನೇಗಿಲನ್ನು ಎಳೆಯುವ ಕೊಂಡಿಯಲ್ಲಿ ಅಳೆದದ್ದೋ ಎಂದು ವಿಚಾರಿಸುವವರು ವಿರಳ. ಒಂದೇ ಟ್ರಾಕ್ಟರಿನಲ್ಲಿ ಈ ಮೂರೂ ಬೇರೆ ಬೇರೆ. ಗೇರುಗಳಲ್ಲಿ ಸ್ವಲ್ಪ ಶಕ್ತಿ ನಷ್ಟವಾಗುವುದರಿಂದ ಪಿ.ಟಿ.ಓ. ಅಶ್ವಶಕ್ತಿ ಎಂಜಿನ್ನಿನದಕ್ಕಿಂತ ಕಡಿಮೆ. ಸಡಿಲ ಮಣ್ಣಿನಲ್ಲಿ ಗಾಲಿ ಜಾರಿದಷ್ಟೂ ಕೊಂಡಿಗೆ ದೊರೆಯುವುದು ಇನ್ನೂ ಕಡಿಮೆ.

ಈ ಶಕ್ತಿಯನ್ನು ಅಳೆಯುವ ಸಾಧನಕ್ಕೆ ಡೈನಮೋಮೀಟರ್ ಎಂದು ಹೆಸರು. ತಿರುಗುವ ಎಂಜಿನ್ನಿಗೆ ಅದು ತಡೆಯೊಡ್ಡಿ, ಎಂಜಿನ್ ಎಷ್ಟು ಬಲದಿಂದ ತಿರುಗಿಸುತ್ತಿದೆ ಎಂಬುದನ್ನು ತೋರಿಸುತ್ತದೆ. ಅದಕ್ಕೆ ನಿಮಿಷದ ಸುತ್ತುಗಳನ್ನು ಸೇರಿಸಿ ಅಶ್ವಶಕ್ತಿಯನ್ನು ಲೆಕ್ಕ ಹಾಕಬೇಕು.

ಎಲ್ಲಕ್ಕಿಂತ ಸರಳವಾದದ್ದು ಹಗ್ಗದ ಬ್ರೇಕ್. ಪಂಪ್‌ಸೆಟ್ಟಿನ ಎಂಜಿನ್ನಿಗೆ ಇದೇ ಸಾಕು. ಎಂಜಿನ್ನಿಗೆ ಜೋಡಿಸಿದ ಡ್ರಮ್ಮಿಗೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ ತೂಗುಹಾಕಿ, ಇನ್ನೊಂದನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟುತ್ತಾರೆ. ತೂಕ 14 ಕೆ.ಜಿ., ತಕ್ಕಡಿ ತೋರಿಸುವುದು 2 ಕೆ.ಜಿ. ಎಂದಾದರೆ ನಿಜವಾದ ಹೊರೆ 12 ಕೆ.ಜಿ. ಡ್ರಮ್ಮಿನ ನಡುವಿನಿಂದ ಹಗ್ಗದ ನಡುವಿಗೆ 20 ಸೆಂ.ಮೀ., ಅಂದರೆ 0.2 ಮೀಟರ್ ದೂರವಿದ್ದು, ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, 12 × 0.2 × 1500 × 6.28 ನ್ನು 4500 ರಿಂದ ಭಾಗಿಸಬೇಕು. ಬರುವ ಉತ್ತರ ಸುಮಾರು 5 ಅಶ್ವಶಕ್ತಿ. ತಕ್ಕಡಿಯ 2 ಕೆ.ಜಿ. ಕಳೆಯಲು ಮರೆತರೆ ಅದೇ ಎಂಜಿನ್ ಸುಮಾರು 5.9 ಅಶ್ವಶಕ್ತಿಯದಾಗಿಬಿಡುತ್ತದೆ! ಎಂಜಿನ್ನಿನ ಶಕ್ತಿಯೆಲ್ಲ ಇಲ್ಲಿ ಶಾಖವಾಗುವುದರಿಂದ ಡ್ರಮ್ಮಿಗೆ ನೀರು ಹಾಯಿಸುತ್ತಿರಬೇಕು. ಇಲ್ಲವಾದರೆ ಹಗ್ಗ ಸುಟ್ಟೀತು.

ದೊಡ್ಡ ಎಂಜಿನ್ನುಗಳಿಗೆ ನೀರಿನ ಡೈನಮೋಮೀಟರ್ ಒಗ್ಗುತ್ತದೆ. ಇಂಗ್ಲೆಂಡಿನ ವಿಲಿಯಂ ಫ್ರೂಡ್ 1877ರಲ್ಲಿ ಇದನ್ನು ಹಡಗಿನ ಎಂಜಿನ್ನುಗಳಿಗಾಗಿ ರೂಪಿಸಿದ. ಇದರಲ್ಲಿ ನೀರೇ ತಡೆ, ಶಾಖವನ್ನು ಹೊತ್ತೊಯ್ಯುವುದೂ ನೀರೇ. ಗಟ್ಟಿಮುಟ್ಟಾದ ಸಾಧನ, ಆದರೆ ನೀರಿನ ಒತ್ತಡ ಏರಿಳಿದರೆ ಅಳತೆಯೂ ಅಲುಗಾಡುತ್ತದೆ. ವೇಗ ಅರ್ಧಕ್ಕಿಳಿದರೆ ತಡೆ ಸುಮಾರು ಕಾಲು ಭಾಗಕ್ಕೆ ಇಳಿಯುವುದರಿಂದ ನಿಧಾನ ವೇಗದಲ್ಲಿ ಇದರ ಹಿಡಿತ ಸಡಿಲ. ವಿದ್ಯುತ್ ಕಾಂತದಿಂದ ತಡೆಯುವ ಎಡ್ಡಿ ಕರೆಂಟ್ ಮಾದರಿಯಲ್ಲಿ ಹೊರೆಯನ್ನು ಕ್ಷಣದಲ್ಲಿ ಏರಿಸಿ ಇಳಿಸಬಹುದು. ಬೆಲೆ ಹೆಚ್ಚು, ವಿದ್ಯುತ್ತಿಲ್ಲದೆ ನಡೆಯದು. ಕಾರುಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆಯುವ ಸಾಧನವೂ ಉಂಟು. ಅದು ತೋರಿಸುವುದು ಗಾಲಿಗೆ ತಲುಪಿದ ಶಕ್ತಿಯನ್ನು ಮಾತ್ರ.

ಅಳತೆಯಿಲ್ಲದ ಮಾತನ್ನು ನಂಬಿ ಕೆಟ್ಟವರ ಕಥೆ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ನಡೆಯಿತು. ವಿಲ್ಮಟ್ ಕ್ರೋಜಿಯರ್ ಎಂಬ ರೈತ ಕೊಂಡ ಟ್ರಾಕ್ಟರು ಹೊಲದಲ್ಲಿ ಕೈಕೊಟ್ಟಿತು, ಮುಂದಿನದೂ ಹಾಗೆಯೇ. ಆಮೇಲೆ ಕೊಂಡದ್ದು ಮಾತ್ರ ಹೇಳಿದ್ದಕ್ಕಿಂತ ಹೆಚ್ಚೇ ಎಳೆಯಿತು. ಶಾಸಕನಾದ ಆತ ಸುಮ್ಮನೆ ಕೂರಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆಯಾಗದ ಟ್ರಾಕ್ಟರ್ ಮಾದರಿಯನ್ನು ರಾಜ್ಯದಲ್ಲಿ ಮಾರಕೂಡದೆಂಬ ಕಾನೂನು 1919ರಲ್ಲಿ ಬಂದಿತು; 1920ರಲ್ಲಿ ಪರೀಕ್ಷೆಗಳು ಆರಂಭವಾದವು. ಆಗಿನ ಟ್ರಾಕ್ಟರುಗಳಿಗೆ 12–25 ಎಂಬಂತೆ ಎರಡು ಅಂಕಿಗಳಿರುತ್ತಿದ್ದವು: ಮೊದಲನೆಯದು ಕೊಂಡಿಯ ಅಶ್ವಶಕ್ತಿ, ಎರಡನೆಯದು ಪಟ್ಟಿಚಕ್ರದ್ದು. ಈಗಿನ ಒಂದೇ ಅಂಕಿಗಿಂತ ಇದು ಪ್ರಾಮಾಣಿಕವಾದದ್ದೆನ್ನಬೇಕು.

ನಮ್ಮ ದೇಶದಲ್ಲಿ ಟ್ರಾಕ್ಟರುಗಳ ಪರೀಕ್ಷೆ ನಡೆಯುವುದು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ. ಅದರ ವರದಿಯನ್ನು ಮಾರಾಟಗಾರರಲ್ಲಿ ಕೇಳಿ ನೋಡಬೇಕು. ಪಿ.ಟಿ.ಓ. ಅಶ್ವಶಕ್ತಿ, ಗಂಟೆಗೆ ತಗಲುವ ಡೀಸೆಲ್ ಮತ್ತು ಕೊಂಡಿಯ ಎಳೆತ ಅದರಲ್ಲಿರುತ್ತವೆ. ಸಾಧಾರಣ ಹವೆಯ ಅಂಕಿಯ ಜೊತೆಗೆ ಹೆಚ್ಚಿನ ತಾಪದ ಅಂಕಿಯನ್ನೂ ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆ ಉಳುಮೆ ಮಾಡುವವರು ನೋಡಬೇಕಾದ ಅಂಕಿ ಈ ಎರಡನೆಯದು.