ಸಿ ಭಾಷೆಯ ಬರಹಕ್ಕೊಂದು ಕಟ್ಟುಪಾಡು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾಸರಗೋಡಿನ ಶಾಲೆಗಳ ಗಣಕಯಂತ್ರಗಳನ್ನೂ ನಿಮ್ಮಲ್ಲಿ ಹಲವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನನ್ನೂ ಒಳಗಿನಿಂದ ನಡೆಸುವುದು ಲಿನಕ್ಸ್ ಎಂಬ ಮೂಲ ಪ್ರೋಗ್ರಾಮು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಇದನ್ನು ಆರಂಭಿಸಿದರು. ತರುವಾಯ, ಪರಸ್ಪರ ಮುಖ ಕಾಣದ ಸಹಸ್ರಾರು ಜನರು ಇದರ ಸಿ ಭಾಷೆಯ ಬರಹಕ್ಕೆ ಕೈಜೋಡಿಸಿದ್ದಾರೆ. ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ ತಿದ್ದಬೇಕಾದ ಈ ಕಾರ್ಯದಲ್ಲಿ ಕಟ್ಟುಪಾಡು ಬೇಡವೇ?

ಅದಕ್ಕಾಗಿ ಲಿನಕ್ಸಿನವರು ಒಂದು ನಿಯಮಪತ್ರವನ್ನೇ ಇಟ್ಟುಕೊಂಡಿದ್ದಾರೆ. ಷರತ್ತಿಗೆ ಒಳಪಟ್ಟ ಸಾಲನ್ನು ೮ ಅಕ್ಷರಗಳಷ್ಟು ಒಳಕ್ಕೆ ಸರಿಸಿ ಬರೆಯಬೇಕು; ಅದರೊಳಗೆ ಮತ್ತೊಂದು ಷರತ್ತು ಬಂದರೆ ಇನ್ನೂ ೮. ಹೀಗೆ ೩ ಮೆಟ್ಟಿಲು ದಾಟಿದರೆ ಸಾಲುಗಳು ಬಲದ ಅಂಚಿನತ್ತ ನೂಕಲ್ಪಟ್ಟು, ತನ್ನ ಆಲೋಚನೆ ತೊಡಕಾಯಿತೆಂದು ಬರೆಯುವವನಿಗೇ ಅರಿವಾಗುತ್ತದೆ. ಸಾಲಿನ ಉದ್ದ ೮೦ ಅಕ್ಷರಗಳನ್ನು ಮೀರದಿದ್ದರೆ ಒಳ್ಳೆಯದು. ೧೯೨೮ರಲ್ಲಿ ಐಬಿಎಂ ಸಂಸ್ಥೆಯು ತಂದ ರಂಧ್ರಪತ್ರದಲ್ಲಿಯೂ ೮೦ ಕಂಬಸಾಲುಗಳೇ ಇದ್ದವು. ಹಳೆಯ ವಾಸನೆ ಅಷ್ಟು ಬೇಗ ಹೋಗುವುದಿಲ್ಲ! ೨೦೨೦ರಲ್ಲಿ ಈ ನಿಯಮವನ್ನು ತುಸು ಸಡಿಲಿಸಿದರು.

ಇದೆಲ್ಲ ಬರಿಯ ಅಲಂಕಾರವೆಂದು ತಿಳಿಯುವವರು ೨೦೧೪ರ ಫೆಬ್ರವರಿಯಲ್ಲಿ ಬಯಲಾದ ಒಂದು ಪ್ರಸಂಗವನ್ನು ಕೇಳಬೇಕು. ನಾವು ವ್ಯವಹರಿಸುತ್ತಿರುವುದು ನಿಜವಾದ ಬ್ಯಾಂಕಿನೊಡನೆಯೋ ವಂಚಕನೊಡನೆಯೋ ಎಂದು ಪರೀಕ್ಷಿಸುವ ಸಿ ಬರಹವೊಂದು ಆಪಲ್ ಸಂಸ್ಥೆಯ ಐಫೋನುಗಳಲ್ಲಿತ್ತು. ದೋಷ ಕಂಡರೆ ಪರೀಕ್ಷೆಯನ್ನು ಬಿಟ್ಟು ಕೊನೆಗೆ ಹೋಗಬೇಕೆಂಬ 'ಗೋಟು ಫೇಲ್' ಎಂಬ ಆಜ್ಞೆ ಅದರಲ್ಲಿ ಒಂದೆಡೆ ಒಂದರ ಕೆಳಗೊಂದರಂತೆ ಎರಡು ಸಲ ಬಿದ್ದಿತ್ತು. ಸಿ ಭಾಷೆಯಲ್ಲಿ ಪುಷ್ಪಾವರಣ ಹಾಕದಿದ್ದರೆ ಷರತ್ತು ಅನ್ವಯಿಸುವುದು ಮೊದಲನೆಯ ಆಜ್ಞೆಗೆ ಮಾತ್ರ. ಆದಕಾರಣ ಎರಡನೆಯದು, ದೋಷವಿಲ್ಲದಿದ್ದರೂ, ತಪ್ಪದೆ ನಡೆಯಿತು. ಮುಂದಿದ್ದ ಮುಖ್ಯ ಪರೀಕ್ಷೆ ನಡೆಯಲೇ ಇಲ್ಲ. ಅಲ್ಲಿಯವರೆಗೆ ದೋಷವೇನೂ ದಾಖಲಾಗದ ಕಾರಣ ಉತ್ತರ 'ಸರಿ' ಎಂದೇ ಬಂತು! ಬಾಗಿಲು ಕಾಯುವವನು ಚೀಟಿಯ ಸಹಿಯನ್ನು ನೋಡದೆಯೇ ಒಳಕ್ಕೆ ಬಿಟ್ಟಂತೆ. ಎರಡು ಸಾಲುಗಳೂ ಸಮನಾಗಿ ಒಳಕ್ಕೆ ಸರಿದಿದ್ದುದರಿಂದ, ಎರಡೂ ಷರತ್ತಿನ ಅಧೀನವೆಂದು ಓದುವ ಕಣ್ಣಿಗೆ ತೋರುತ್ತಿತ್ತು. ಯಂತ್ರವಾದರೋ ಆ ತೆರಪನ್ನು ಲೆಕ್ಕಿಸುವುದೇ ಇಲ್ಲ.

೨೦೧೬ರಲ್ಲಿ ಹೊರಬಂದ ಜಿಸಿಸಿ ಕಂಪೈಲರಿನ ೬ನೆಯ ಆವೃತ್ತಿಯಲ್ಲಿ, ಇಂಥ ಮೋಸದ ತೆರಪು ಕಂಡರೆ ಎಚ್ಚರಿಸುವ ಏರ್ಪಾಡನ್ನು ಮಾಡಿದರು. ಒಂದೇ ಆಜ್ಞೆಯಿದ್ದಲ್ಲಿ ಪುಷ್ಪಾವರಣ ಬೇಡವೆಂದು ಲಿನಕ್ಸಿನ ನಿಯಮಪತ್ರ ಹೇಳುತ್ತದೆ. ಯಾವಾಗಲೂ ಹಾಕುವುದೇ ಲೇಸೆಂಬುದು ನನ್ನ ಮತ. ಆದರೂ ಲಿನಕ್ಸಿಗೆ ಬರೆಯುವಾಗ ನನ್ನ ಮತವನ್ನು ಮನೆಯಲ್ಲಿಯೇ ಇಟ್ಟು ಹೋಗತಕ್ಕದ್ದು. ಒಂದೇ ಕಡತದಲ್ಲಿ ಎರಡು ಪದ್ಧತಿಗಳಿದ್ದರೆ ಓದುವವನ ಗಮನವು ದೋಷವನ್ನು ಬಿಟ್ಟು ಆಕಾರದ ಹಿಂದೆ ಹೋಗುತ್ತದೆ.

ಹೆಸರುಗಳಿಗೂ ನಿಯಮವುಂಟು. ಎಲ್ಲೆಡೆ ಬಳಕೆಯಾಗುವ ಹೆಸರು ತನ್ನ ಕೆಲಸವನ್ನು ತಾನೇ ತಿಳಿಸಬೇಕು. ಎಣಿಸುವುದಕ್ಕಷ್ಟೇ ಇರುವುದಕ್ಕೆ 'ಐ' ಎಂಬ ಒಂದಕ್ಷರ ಸಾಕು.

ಪೋಷಕರಲ್ಲಿ ಒಂದು ಮಾತು. ಲಿನಕ್ಸಿಗೆ ತಿದ್ದುಪಡಿಯನ್ನು ಕಳುಹಿಸಲು ಶುಲ್ಕವಿಲ್ಲ, ಪದವಿಯನ್ನೂ ಕೇಳುವುದಿಲ್ಲ. ನಿಮ್ಮ ಮಕ್ಕಳು ಮುಂದೊಂದು ದಿನ ಕಳುಹಿಸಿದ್ದು ಬರಹದ ಪದ್ಧತಿ ಸರಿಯಿಲ್ಲವೆಂದು ಹಿಂದಿರುಗಿದರೆ ಅದನ್ನು ಅವಮಾನವೆಂದು ಎಣಿಸಬೇಡಿರಿ. ನುರಿತವರ ಬರಹಕ್ಕೂ ಈ ಗತಿ ಬರುವುದುಂಟು. ಕಳುಹಿಸುವ ಮುನ್ನ ತಪ್ಪುಗಳನ್ನು ತಾವೇ ಕಂಡುಕೊಳ್ಳಲು 'ಚೆಕ್‌ಪ್ಯಾಚ್' ಎಂಬ ಸಣ್ಣ ಪ್ರೋಗ್ರಾಮೊಂದು ಲಿನಕ್ಸಿನ ಮೂಲಬರಹದ ಜೊತೆಯಲ್ಲಿಯೇ ದೊರೆಯುತ್ತದೆ.