ರಾಶಿಯೊಳಗೆ ಹಾಕಿದ ಕೈ

ಸಹೋದರರೇ, ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡದ ವ್ಯಾಪಾರಿಯನ್ನು ಆಕ್ಷೇಪಿಸಿದರು. ಒದ್ದೆಯೇನೋ ಕೈಗೆ ತಿಳಿಯುತ್ತದೆ. ಅಕ್ಕಿಯೊಳಗಿನ ಆರ್ಸೆನಿಕ್, ಕ್ಯಾಡ್ಮಿಯಂ ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ. ಜಪಾನಿನ ಜಿನ್‌ಜೂ ನದಿ ಬಯಲಿನವರು ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿಯನ್ನು ವರ್ಷಗಟ್ಟಲೆ ಉಂಡರು, ಮೂಳೆಗಳೇ ಮುರಿಯತೊಡಗಿದವು. ಇಂದು ಆ ಕೈಯ ಕೆಲಸ ಲ್ಯಾಬಿನದು. ಅಲ್ಲಿ ಅಕ್ಕಿಯನ್ನು ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ಬಿಳಿ ಅಕ್ಕಿಗೆ ಅಂತಾರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ ಅಜೈವಿಕ ಆರ್ಸೆನಿಕ್ 0.2 ಮಿ.ಗ್ರಾಂ, ಕ್ಯಾಡ್ಮಿಯಂ 0.4 ಮಿ.ಗ್ರಾಂ. ಶುದ್ಧ ನೀರು ಹೆಚ್ಚು ಹಾಕಿ ಬೇಯಿಸಿ ಬಸಿದರೆ ಆರ್ಸೆನಿಕ್ ಸ್ವಲ್ಪ ಇಳಿಯುತ್ತದೆ. ನಮ್ಮ ರಮಝಾನ್ ಗಂಜಿಯಲ್ಲೋ ಬಸಿಯುವ ಮಾತೇ ಇಲ್ಲ! ಗಂಜಿಗೆ, ಬಡವರ ಕಿಟ್‌ಗೆ ಕ್ವಿಂಟಾಲ್‌ಗಟ್ಟಲೆ ಅಕ್ಕಿ ಕೊಳ್ಳುವ ಜಮಾಅತ್‌ನವರು ದರದ ಜೊತೆ ಅದೇ ಲಾಟಿನ ಪರೀಕ್ಷಾ ವರದಿಯನ್ನೂ ಕೇಳಿರಿ.