ಶಿಬಿರಕ್ಕೆ ನಾವು ಬರೋದು ಯಾವ ಲೆಕ್ಕದಲ್ಲಿ?

(ಮಕ್ಕಳ ಬೇಸಿಗೆ ಶಿಬಿರದ ಪೂರ್ವಸಿದ್ಧತಾ ಸಭೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಕೂಲಿ ಕೆಲಸ, ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಸಂತೋಷ. ಹೋದ ಸಭೆಯಲ್ಲಿ ಒಬ್ಬ ಸದಸ್ಯೆ ಕೇಳಿದ ಪ್ರಶ್ನೆಯನ್ನು ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟಿದ್ದೀರಿ. "ಶಿಬಿರಕ್ಕೆ ನಾವು ಬರೋದು ಯಾವ ಲೆಕ್ಕದಲ್ಲಿ? ಅಡುಗೆಯವರೋ, ಸ್ವಯಂಸೇವಕಿಯರೋ, ಸುಮ್ಮನೆ ಸಹಾಯಕ್ಕೋ?" ಕೆಲವರು ನಕ್ಕರಂತೆ. ನನಗೆ ನಗು ಬರಲಿಲ್ಲ. ಶಿಬಿರ ನಡೆಸುವವರು ಮೊದಲು ಉತ್ತರ ಕೊಡಬೇಕಾದ ಪ್ರಶ್ನೆಯೇ ಅದು. ಇವತ್ತು ಅದಕ್ಕೇ ಬಂದಿದ್ದೇನೆ.

ಏಪ್ರಿಲ್ ನಡುವಿನಿಂದ ಮೇ ಕೊನೆಯ ತನಕ ಶಾಲೆಗೆ ರಜೆ. ದೊಡ್ಡವರು ಕೆಲಸಕ್ಕೆ ಹೋದರೆ ಮಕ್ಕಳು ಬಿಸಿಲಲ್ಲಿ, ಕೆರೆ ದಂಡೆಯಲ್ಲಿ, ಇಲ್ಲಾಂದ್ರೆ ಮೊಬೈಲ್ ಮುಂದೆ. ಆದ್ದರಿಂದ ಧರ್ಮಕೇಂದ್ರಗಳಲ್ಲಿ ಬೇಸಿಗೆ ಶಿಬಿರ ಮಾಡುತ್ತಾರೆ. ಪ್ರಾರ್ಥನೆ, ಬೈಬಲ್ ಕಥೆ, ಹಾಡು, ಆಟ, ಕರಕುಶಲ ಕೆಲಸ. ಹಗಲು ನಡೆದು ಸಂಜೆ ಮುಗಿಯುವ ಶಿಬಿರ ಸುಲಭ. ಮಕ್ಕಳು ರಾತ್ರಿ ಉಳಿಯುವ ಶಿಬಿರ ಬೇರೆಯೇ ಮಾತು. ಐದು ದಿನ, ಐದು ರಾತ್ರಿ ಬೇರೆಯವರ ಮಕ್ಕಳನ್ನು ನಮ್ಮ ಮಡಿಲಿಗೆ ಹಾಕಿಕೊಂಡ ಹಾಗೆ. ನಾನು ಮಾತಾಡುವುದು ಅದರ ಬಗ್ಗೆಯೇ.

ಸಂತ ಜಾನ್ ಬೋಸ್ಕೋ ಅವರ ಹೆಸರು ಎಲ್ಲರಿಗೂ ಗೊತ್ತು. ಇಟಲಿಯ ತುರಿನ್ ಪಟ್ಟಣದಲ್ಲಿ ಬೀದಿ ಹುಡುಗರನ್ನು ಸೇರಿಸಿ ಆಟ, ಪಾಠ, ಪ್ರಾರ್ಥನೆ ಕಲಿಸಿದವರು. ಅವರ ತಾಯಿ ಮಾರ್ಗರಿಟಾ ಎಷ್ಟು ಜನರಿಗೆ ಗೊತ್ತು? ಓದು ಬರಹ ಬಾರದ ಹಳ್ಳಿಯ ವಿಧವೆ. 1846ರಲ್ಲಿ ತಮ್ಮ 58ನೇ ವಯಸ್ಸಿನಲ್ಲಿ ಮನೆ, ಮೊಮ್ಮಕ್ಕಳನ್ನು ಬಿಟ್ಟು ಮಗನ ಜೊತೆ ತುರಿನ್‌ಗೆ ಬಂದರು. 1856ರಲ್ಲಿ ತೀರಿಕೊಳ್ಳುವ ತನಕ, ಹತ್ತು ವರ್ಷ, ಆ ಹುಡುಗರಿಗೆ ಅಡುಗೆ ಮಾಡಿದರು, ಹರಿದ ಬಟ್ಟೆ ಹೊಲಿದರು. ಎಲ್ಲರೂ ಅವರನ್ನು ಮಮ್ಮಾ ಮಾರ್ಗರಿಟಾ ಎಂದೇ ಕರೆದರು. ಸಂತ ಪದವಿಯ ದಾರಿಯಲ್ಲಿ ಸಿಗುವ 'ಪೂಜ್ಯ' ಎಂಬ ಗೌರವ ಅವರಿಗೆ 2006ರಲ್ಲಿ ಸಿಕ್ಕಿತು. ಅಡುಗೆ ಮನೆಯ ಕೆಲಸಕ್ಕೂ ಚರ್ಚು ಬೆಲೆ ಕೊಟ್ಟಿತಲ್ಲ ಅಂತ ನನಗೆ ಖುಷಿ. 150 ವರ್ಷ ಹಿಡಿಯಿತು, ಇರಲಿ.

ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಹುಡುಗರು ಆಟದ ಭರದಲ್ಲಿ ತರಕಾರಿ ಪಾತಿಯನ್ನೆಲ್ಲಾ ತುಳಿದು ಹಾಳು ಮಾಡಿದಾಗ ತಾಯಿಗೆ ಸಾಕಾಗಿಹೋಯಿತು. ಊರಿಗೆ ಹೋಗುತ್ತೇನೆ ಎಂದರು. ಮಗ ಮಾತಾಡದೆ ಗೋಡೆಯ ಮೇಲಿನ ಶಿಲುಬೆಯ ಕಡೆ ಕೈ ತೋರಿಸಿದರು. ತಾಯಿ ಉಳಿದರು. ದೊಡ್ಡ ಕಥೆ, ನಿಜ. ಆದರೆ ಅದು ತಾಯಿ ಮಗನ ನಡುವಿನ ಮಾತು. ಸಂಘದ ಹೆಣ್ಣುಮಕ್ಕಳಿಗೆ ಶಿಲುಬೆ ತೋರಿಸಿ, ಸೇವೆ ಅಂತ ಹೆಸರಿಟ್ಟು, ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರ ತನಕ ಒಲೆ ಮುಂದೆ ನಿಲ್ಲಿಸೋದಕ್ಕೆ ಈ ಕಥೆಯನ್ನು ಯಾರೂ ಬಳಸಬಾರದು. ನಾವೂ ಬಳಸುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಶಿಬಿರದಲ್ಲಿ ಇರುವವರು ಎರಡು ಬಗೆ. ಒಬ್ಬರು ಸಿಬ್ಬಂದಿ, ಇನ್ನೊಬ್ಬರು ಸ್ವಯಂಸೇವಕರು. ಸಿಬ್ಬಂದಿಗೆ ಸಂಬಳ ಇಲ್ಲವೇ ದಿನಗೂಲಿ ಇರುತ್ತದೆ, ಇಡೀ ಶಿಬಿರದ ಹೊಣೆ ಅವರದ್ದು. ಸ್ವಯಂಸೇವಕಿ ತನ್ನ ಸಮಯ ಕೊಡುತ್ತಾಳೆ. ಹಾಗಂತ ಸ್ವಯಂಸೇವಕಿ ಅಂದ್ರೆ ಮನಸ್ಸಾದಾಗ ಬಂದು ಮನಸ್ಸಾದಾಗ ಹೋಗೋಳು ಅಲ್ಲ. ಮೂರು ಗಂಟೆ ಕೊಡ್ತೀನಿ ಅಂದ್ರೆ ಆ ಮೂರು ಗಂಟೆ ಆಕೆಯೂ ಸಿಬ್ಬಂದಿಯಷ್ಟೇ ಹೊಣೆಗಾರಳು. ಮೂರು ಗಂಟೆ ಆದ ಮೇಲೆ ಮನೆಗೆ ಹೋಗುವ ಹಕ್ಕೂ ಆಕೆಗೆ ಇದೆ.

ಅಡುಗೆಯಲ್ಲೇ ನೋಡಿ. ನಿಮ್ಮಲ್ಲಿ ಕೆಲವರು ಶಾಲೆಯ ಅಕ್ಷರ ದಾಸೋಹದಲ್ಲಿ ಕೆಲಸ ಮಾಡುವವರು. ನಿಮಗೆ ಲೆಕ್ಕ ಬಾಯಲ್ಲೇ ಇದೆ: ಐದನೇ ತರಗತಿ ತನಕ ಮಗುವಿಗೆ ಒಂದು ಊಟಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, ಆರರಿಂದ ಎಂಟನೇ ತರಗತಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಶಿಬಿರಕ್ಕೆ ದೊಡ್ಡ ತರಗತಿಯ 60 ಮಕ್ಕಳು ಅಂತ ಇಟ್ಟುಕೊಂಡರೆ ಒಂದು ಹೊತ್ತಿಗೆ 9 ಕಿಲೋ ಅಕ್ಕಿ. ದೊಡ್ಡವರನ್ನೂ ಸೇರಿಸಿದರೆ 11 ಕಿಲೋ ಹಿಡಿಯಿರಿ. ಶಾಲೆಯಲ್ಲಿ ಒಂದು ಊಟ, ಶಿಬಿರದಲ್ಲಿ ಬೆಳಗಿನ ತಿಂಡಿ, ಎರಡು ಊಟ, ಸಂಜೆ ಪಾನಕ. ಇದನ್ನು 'ಸ್ವಲ್ಪ ಸಹಾಯ' ಅಂತ ಕರೆಯೋಕೆ ಆಗಲ್ಲ. ನನ್ನ ಅಭಿಪ್ರಾಯ ಸ್ಪಷ್ಟ. ಮುಖ್ಯ ಅಡುಗೆಯವರು ಮತ್ತು ಅವರ ಜೊತೆಗಿನ ಇಬ್ಬರು ಕೂಲಿ ಪಡೆಯುವ ಸಿಬ್ಬಂದಿ ಆಗಬೇಕು. ಕೂಲಿ ಎಷ್ಟು ಅನ್ನೋದು ಶಿಬಿರಕ್ಕೆ ಮೊದಲೇ ನಿಮ್ಮ ನಡಾವಳಿ ಪುಸ್ತಕದಲ್ಲೂ ಶಿಬಿರದ ಪುಸ್ತಕದಲ್ಲೂ ಬರೆದಿರಬೇಕು. ತರಕಾರಿ ಹೆಚ್ಚೋದು, ಬಡಿಸೋದು, ಕುಡಿಯುವ ನೀರು ಕುದಿಸಿ ಆರಿಸಿ ಇಡೋದು, ಇವಕ್ಕೆ ಸ್ವಯಂಸೇವಕಿಯರು ಸರದಿಯಲ್ಲಿ ಬರಲಿ. ಅವರಿಗೆ ಬಸ್ ಚಾರ್ಜು, ಊಟ ಕೊಡಲೇಬೇಕು. ಮಕ್ಕಳು ಉಂಡ ಮೇಲೆ ಉಳಿದದ್ದನ್ನು ಕೊಡೋದಲ್ಲ, ಹೊತ್ತಿಗೆ ಸರಿಯಾಗಿ.

ಪ್ರಭು ಐದು ರೊಟ್ಟಿಯನ್ನು ಐದು ಸಾವಿರ ಜನರಿಗೆ ಹಂಚಿದ ಅದ್ಭುತವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಸಂತ ಲೂಕರು ಅಲ್ಲಿ ಒಂದು ಸಣ್ಣ ಸಂಗತಿ ಬರೆದಿದ್ದಾರೆ, ನಮ್ಮಂಥ ಬಡಿಸುವವರ ಕಣ್ಣಿಗೆ ಮಾತ್ರ ಬೀಳುವಂಥದ್ದು. ಮೊದಲು ಜನರನ್ನು ಐವತ್ತೈವತ್ತರ ಗುಂಪು ಮಾಡಿ ಕೂರಿಸಿ ಅಂತ ಶಿಷ್ಯರಿಗೆ ಹೇಳಿದರು. ಕೂರಿಸುವವರು, ಬಡಿಸುವವರು, ಕೊನೆಗೆ ಹನ್ನೆರಡು ಬುಟ್ಟಿ ಎತ್ತಿದವರು, ಎಲ್ಲರಿಗೂ ಕೆಲಸ ಹಂಚಿತ್ತು.

ನಮ್ಮದು ಐವತ್ತರ ಗುಂಪಲ್ಲ, ಎಂಟರ ಗುಂಪು. ಅಮೆರಿಕದಲ್ಲಿ ಬೇಸಿಗೆ ಶಿಬಿರಗಳ ಒಂದು ದೊಡ್ಡ ಸಂಘಟನೆ ಇದೆ, ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಅಂತ. ರಾತ್ರಿ ಉಳಿಯುವ ಶಿಬಿರದಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು ಇರಬೇಕು ಅಂತ ಅವರ ಅಳತೆ. ನಮಗೆ ಅದು ಕಾನೂನಲ್ಲ, ಆದರೆ ಒಳ್ಳೆ ಅಳತೆ. 60 ಮಕ್ಕಳಿಗೆ ಎಂಟು ಜನ. ನಮ್ಮಲ್ಲಿ ಈ ಕೆಲಸ ಅನಿಮೇಟರ್‌ಗಳದ್ದು, ಅಂದರೆ ಆಟ, ಹಾಡು ನಡೆಸುವ ಕಾಲೇಜು ಹುಡುಗ ಹುಡುಗಿಯರದ್ದು. ಉತ್ಸಾಹ ಬಹಳ, ಟೀ ಶರ್ಟು ಅವರಿಗೇ ಮೊದಲು ಬರುತ್ತದೆ. ಆದರೆ ಪಿಯುಸಿ ಓದುವ 16, 17 ವರ್ಷದವರು ಕಾನೂನಿನ ಕಣ್ಣಲ್ಲಿ ಇನ್ನೂ ಮಕ್ಕಳೇ. ಅವರು ಗುಂಪಿನ ಜೊತೆ ಇರಲಿ, ಗುಂಪಿನ ಹೊಣೆ ಅವರ ಹೆಸರಲ್ಲಿ ಬೇಡ. ಹೊಣೆಗೆ 18 ದಾಟಿದವರೊಬ್ಬರು ಬೇಕು. ಅಲ್ಲಿಗೆ ನಮಗೆ ನೀವು ಬೇಕು, ಒಲೆ ಮುಂದೆ ಮಾತ್ರ ಅಲ್ಲ.

ರಾತ್ರಿಯ ಕೆಲಸ ಬಹಳ ಮುಖ್ಯ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಹೆಣ್ಣುಮಕ್ಕಳ ಹಾಲ್‌ನಲ್ಲಿ ಬಾಗಿಲ ಹತ್ತಿರ ಇಬ್ಬರು ಹೆಂಗಸರು ಮಲಗಬೇಕು. ಯಾಕೆ ಇಬ್ಬರು? ಸಂಘದ ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿ ಯಾಕೆ? ಒಬ್ಬಳ ಮೇಲೆ ಅನುಮಾನ ಅಂತಲ್ಲ. ಯಾರ ಮೇಲೂ ಅನುಮಾನಕ್ಕೆ ದಾರಿ ಇರಬಾರದು ಅಂತ. ಇಲ್ಲಿಯೂ ಹಾಗೇ. ಗಂಡುಮಕ್ಕಳ ಕಡೆಯೂ ಇಬ್ಬರು ಗಂಡಸರು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಪಾಪನಿವೇದನೆ ಕೂಡ ಎಲ್ಲರಿಗೂ ಕಾಣುವ ಜಾಗದಲ್ಲಿ, ಕೇಳಿಸದಷ್ಟು ದೂರದಲ್ಲಿ. ಈ ನಿಯಮ ಫಾದರ್‌ಗೆ, ಸಿಸ್ಟರ್‌ಗೆ, ಉಪದೇಶಿಗೆ, ನನಗೆ, ನಿಮಗೆ, ಎಲ್ಲರಿಗೂ ಒಂದೇ. ಹಾಸಿಗೆಯಲ್ಲಿ ಒಂದ ಮಾಡಿಕೊಂಡ ಮಗುವಿನ ಬಟ್ಟೆಯನ್ನು ಬೆಳಕು ಹರಿಯುವ ಮೊದಲೇ, ಯಾರಿಗೂ ಗೊತ್ತಾಗದ ಹಾಗೆ ಬದಲಾಯಿಸೋದೂ ನಿಮ್ಮದೇ ಕೆಲಸ. ಅದನ್ನು ಯಾವ ಪಟ್ಟಿಯಲ್ಲೂ ಬರೆಯಲ್ಲ, ಆದರೆ ಆ ಮಗು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತೆ.

ಮಕ್ಕಳು ಗುಟ್ಟು ಹೇಳೋದು ವೇದಿಕೆ ಮೇಲೆ ಮಾತಾಡುವವರಿಗೆ ಅಲ್ಲ. ತಲೆ ಬಾಚುವವಳಿಗೆ, ತಟ್ಟೆಗೆ ಅನ್ನ ಹಾಕುವವಳಿಗೆ. ಒಂದು ಮಗು ನಿಮ್ಮ ಹತ್ತಿರ ಬಂದು, ಮನೆಯಲ್ಲೋ ಶಿಬಿರದಲ್ಲೋ ಯಾರೋ ಕೆಟ್ಟದಾಗಿ ಮುಟ್ಟಿದರು ಅಂದರೆ ಏನು ಮಾಡಬೇಕು? ಬಯ್ಯಬೇಡಿ, ಹತ್ತು ಸಲ ಕೇಳಬೇಡಿ, ಯಾರಿಗೂ ಹೇಳಲ್ಲ ಅಂತ ಆಣೆಯನ್ನೂ ಇಡಬೇಡಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಇಂಥ ವಿಷಯ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಶಿಬಿರದ ನಿರ್ದೇಶಕರಿಗೆ ಹೇಳಿ, ಹೇಳಬೇಕು. ಆದರೆ 'ಫಾದರ್‌ಗೆ ಹೇಳಿದೆ, ನನ್ನ ಕೆಲಸ ಮುಗೀತು' ಅನ್ನೋ ಹಾಗಿಲ್ಲ. ಊರಿನ ಪಂಚಾಯ್ತಿಕೆಯೂ ಬೇಡ. ಮಕ್ಕಳ ಸಹಾಯವಾಣಿ 1098, ಪೊಲೀಸ್ 112. ಈ ಎರಡು ನಂಬರನ್ನು ಅಡುಗೆ ಮನೆ ಗೋಡೆ ಮೇಲೆ ದೊಡ್ಡದಾಗಿ ಬರೆಸುತ್ತೇವೆ. ಆಫೀಸಿನ ಗೋಡೆ ಮೇಲೆ ಬರೆದರೆ ಆಫೀಸಿನವರೇ ಓದ್ತಾರೆ!

ಆರೋಗ್ಯದ ಕೆಲಸಕ್ಕೆ ನರ್ಸ್ ಸಿಸ್ಟರ್ ಒಬ್ಬರು ಇರುತ್ತಾರೆ. ಅವರ ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆ ನಿಮ್ಮ ಸಂಘದಲ್ಲೇ ಇದ್ದರೆ ಇನ್ನೂ ಒಳ್ಳೇದು. ಉಬ್ಬಸ, ಮೂರ್ಛೆರೋಗ ಇರುವ ಮಕ್ಕಳ ಪಟ್ಟಿಯನ್ನು ಮೊದಲ ದಿನವೇ ತಂದೆ ತಾಯಿಯಿಂದ ಬರೆಸಿಕೊಳ್ಳಬೇಕು. ಭೇದಿ ಆದರೆ ಓಆರ್‌ಎಸ್, ಒಂದು ಲೀಟರ್ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು, ಒಂದು ದಿನ ಕಳೆದರೆ ಚೆಲ್ಲಿಬಿಡಿ. ಹಾವು ಕಡಿದರೆ ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ, ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ. ಮಗುವನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ನಮ್ಮ ರಾಜ್ಯದಲ್ಲಿ 2024ರಲ್ಲೇ ಆದೇಶ ಆಗಿದೆ, ಅಷ್ಟು ಗಂಭೀರದ ವಿಷಯ. ಹೊಳೆಗೆ ಈಜಲು ಕರೆದುಕೊಂಡು ಹೋಗೋಣ ಅಂತ ಯಾರಾದರೂ ಅನಿಮೇಟರ್ ಹೇಳಿದರೆ ನೀವೇ ಬೇಡ ಅನ್ನಿ. ಆ ಅಧಿಕಾರ ನಿಮಗಿದೆ.

ಸಾಮಾನು ಖರೀದಿ ಮತ್ತು ಲೆಕ್ಕ ಸಂಘದವರ ಕೈಗೇ ಕೊಡಬೇಕು ಅಂತ ನಾನು ಕಮಿಟಿಯಲ್ಲಿ ಹೇಳಿದ್ದೇನೆ. ರಸೀದಿ ಇಲ್ಲದ ಖರ್ಚನ್ನು ನೀವು ಒಪ್ಪಲ್ಲ ಅಂತ ಎಲ್ಲರಿಗೂ ಗೊತ್ತು.

ನಮ್ಮ ಸಂಘಗಳಲ್ಲಿ ಎಲ್ಲಾ ಜಾತಿ ಧರ್ಮದವರೂ ಇದ್ದೀರಿ. ಕ್ರೈಸ್ತರಲ್ಲದ ಸದಸ್ಯೆಯರು ಬಂದರೆ ಪ್ರಾರ್ಥನೆಗೆ ಕೂರಲೇಬೇಕು ಅಂತೇನಿಲ್ಲ, ನಿಮ್ಮ ಕೆಲಸದ ಗೌರವ ಅದರಿಂದ ಕಡಿಮೆ ಆಗಲ್ಲ. ಬೇರೆ ಧರ್ಮದ ಮಕ್ಕಳು ಆಟಕ್ಕೆ, ಕರಕುಶಲಕ್ಕೆ ಅಂತ ಬಂದರೆ, ಇಲ್ಲಿ ಪ್ರಾರ್ಥನೆ, ಬೈಬಲ್ ಕಥೆಯೂ ಇರುತ್ತೆ ಅಂತ ಅವರ ತಂದೆ ತಾಯಿಗೆ ಮೊದಲೇ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಮುಚ್ಚುಮರೆ ಬೇಡ.

ಇನ್ನು ಕೊನೆಯ ದಿನದ ಗೇಟು. ಎಲ್ಲರೂ ಹಗುರವಾಗಿ ನೋಡುವ ಕೆಲಸ ಇದು. ಒಂದು ಕಡೆ ಹೀಗಾಯಿತು: ಸಮಾರೋಪದ ಗಲಾಟೆಯಲ್ಲಿ ಒಂಬತ್ತು ವರ್ಷದ ಹುಡುಗಿಯನ್ನು ಯಾರೋ ಸಂಬಂಧಿಕರು ಕರೆದುಕೊಂಡು ಹೋದರು. ಸಹಿ ಇಲ್ಲ, ಹೆಸರಿಲ್ಲ. ಅರ್ಧ ಗಂಟೆ ತಡವಾಗಿ ತಾಯಿ ಬಂದಳು, ಕೂಲಿ ಮುಗಿಸಿ ಬಂದವಳು. ಮಗು ಇಲ್ಲ. ಕತ್ತಲಾಗುವ ತನಕ ಆ ತಾಯಿ ಶಾಲೆಯ ಜಗುಲಿಯಲ್ಲಿ ಕೂತಿದ್ದನ್ನು ನಾನು ನೋಡಿದ್ದೇನೆ. ಮಗು ಅಜ್ಜಿ ಮನೆಯಲ್ಲಿ ಸುಖವಾಗಿತ್ತು ಅಂತ ಆಮೇಲೆ ತಿಳಿಯಿತು. ಆವತ್ತು ಗೇಟಿನಲ್ಲಿ ಯಾರು ಇದ್ದರು ಅಂತ ಕೇಳಿದರೆ ಎಲ್ಲರೂ ಇದ್ದೆವು ಅಂದರು. ಎಲ್ಲರೂ ಇದ್ದರು, ಯಾರೂ ಇರಲಿಲ್ಲ.

ಆದ್ದರಿಂದ ಈ ಸಲ ಅರ್ಜಿಯಲ್ಲಿ ಮಗುವನ್ನು ಕರೆದೊಯ್ಯುವವರ ಹೆಸರು, ಫೋನ್ ನಂಬರ್ ಮೊದಲೇ ಬರೆಸುತ್ತೇವೆ. ಅವರು ಬಂದರೆ ಮಾತ್ರ, ಸಹಿ ಇಲ್ಲವೇ ಹೆಬ್ಬೆಟ್ಟು ಪಡೆದು ಮಗುವನ್ನು ಕಳಿಸೋದು. ಬೇರೆ ಯಾರು ಬಂದರೂ, ಚರ್ಚಿನ ದೊಡ್ಡ ಮನುಷ್ಯರೇ ಬಂದರೂ, ಮೊದಲು ತಾಯಿಗೆ ಫೋನು. ಈ ಕೆಲಸಕ್ಕೆ ಮುಲಾಜಿಲ್ಲದವರು ಬೇಕು. ಸಾಲದ ಕಂತು ವಸೂಲಿ ಮಾಡಿ ಅನುಭವ ಇದ್ದವರಾದರೆ ಚೆನ್ನ.

ಅಡುಗೆಗೆ, ರಾತ್ರಿ ಕಾವಲಿಗೆ ಹೆಸರು ಬಂದಿದೆ. ಗೇಟಿಗೆ ಇನ್ನೂ ಇಬ್ಬರು ಬೇಕು. ಚಹಾ ಕುಡಿದು ಹೋಗುವ ಮೊದಲು ನಿಮ್ಮ ಪ್ರತಿನಿಧಿಗೆ ಹೆಸರು ಹೇಳಿ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಅಂತಲೂ ಬರೆಸಿ.